ಮದರ್ ಜೋನ್ಸ್ ಮತ್ತು ವಯಸ್ಸಿನ ಚೀಟಿ

ಅಮೆರಿಕಾದ ದೊಡ್ಡ ಮನುಷ್ಯರು ಎಂದರೆ ನಮ್ಮ ಜನಕ್ಕೆ ಮೊದಲು ನೆನಪಾಗುವವರು ಹಣವಂತರು. ಎಣ್ಣೆಯ ದೊರೆ ರಾಕ್‌ಫೆಲ್ಲರ್, ಉಕ್ಕಿನ ದೊರೆ ಕಾರ್ನೆಗಿ, ಮೋಟಾರಿನ ದೊರೆ ಫೋರ್ಡ್. ಏನೂ ಇಲ್ಲದವನು ಕೋಟ್ಯಧೀಶನಾದ ಕಥೆ ಯಾರಿಗೆ ತಾನೆ ರುಚಿಸದು? ಆದರೆ ಅದೇ ದೇಶದಲ್ಲಿ, ಅದೇ ಕಾಲದಲ್ಲಿ, ಕರಿಯ ಉಡುಪು ತೊಟ್ಟು, ಬಿಳಿಗೂದಲಿನ ಮೇಲೆ ಟೊಪ್ಪಿಗೆಯಿಟ್ಟು, ಗಣಿಯಿಂದ ಗಣಿಗೆ, ಗಿರಣಿಯಿಂದ ಗಿರಣಿಗೆ ತಿರುಗುತ್ತಿದ್ದ ಮುದುಕಿಯೊಬ್ಬಳಿದ್ದಳು. ಆಕೆಗೆ ಮನೆಯಿರಲಿಲ್ಲ. 1910ರಲ್ಲಿ ಅಲ್ಲಿನ ಶಾಸನಸಭೆಯ ಸಮಿತಿಯವರು ನಿಮ್ಮ ವಿಳಾಸವೇನೆಂದು ಕೇಳಿದಾಗ, ತನ್ನ ವಿಳಾಸವೂ ತನ್ನ ಬೂಟಿನ ಹಾಗೆ, ತಾನು ಹೋದಲ್ಲಿಗೆ ಬರುತ್ತದೆ ಎಂದು ಉತ್ತರ ಕೊಟ್ಟಳು. ಆಕೆಯ ಹೆಸರು ಮೇರಿ ಹ್ಯಾರಿಸ್ ಜೋನ್ಸ್. ಕೂಲಿಕಾರರು ಕರೆಯುತ್ತಿದ್ದುದು ಮದರ್ ಜೋನ್ಸ್, ಅಂದರೆ ಜೋನ್ಸ್ ತಾಯಿ.

ಈಕೆಯ ವಿಷಯ ಬರೆಯಲು ನಮಗೊಂದು ಸ್ವಂತದ ಕಾರಣವೂ ಉಂಟು. ಅದನ್ನು ಮುಚ್ಚಿಟ್ಟರೆ ಓದುಗರಿಗೆ ಮೋಸ ಮಾಡಿದಂತೆ. ನಾವು ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ಕಾಲದಲ್ಲಿ ಗಿರಣಿ ಕೆಲಸದ ತಂದೆಯೊಬ್ಬ ಮಗನ ವರ್ಗಾವಣೆ ಪತ್ರ ಕೇಳಿಕೊಂಡು ಬಂದ. ಹುಡುಗನಿಗೆ ಹನ್ನೆರಡು. "ಮಾಸ್ತರೇ, ಎರಡು ವರ್ಷ ಜಾಸ್ತಿ ಹಾಕಿಕೊಡಿ, ನಿಮಗೆ ಪುಣ್ಯ ಬರ್ತದೆ. ಮನೇಲಿ ನಡೆಯೋದು ಕಷ್ಟ ಆಗ್ಯದೆ" ಎಂದ. ಪತ್ರ ಬರೆಯುವ ಕೆಲಸ ನಮ್ಮದಾಗಿತ್ತು. ನಾವು ಬರೆದುಕೊಟ್ಟೆವು. ಉಪಕಾರ ಮಾಡಿದೆವೆಂದೇ ಆಗ ತಿಳಿದಿದ್ದೆವು. ಮದರ್ ಜೋನ್ಸಳ ಬದುಕನ್ನು ಓದಿದ ಮೇಲೆ ಆ ಪತ್ರ ಮತ್ತೆ ಮತ್ತೆ ಕಣ್ಣೆದುರು ಬರುತ್ತದೆ.

ಮೇರಿ ಹುಟ್ಟಿದ್ದು ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ. ಅಲ್ಲಿನ ಇಗರ್ಜಿಯಲ್ಲಿ ಆಕೆಗೆ ದೀಕ್ಷಾಸ್ನಾನವಾದದ್ದು 1837ರ ಆಗಸ್ಟ್ 1ರಂದು. ಮುಂದೆ ಆಲೂಗೆಡ್ಡೆ ಬೆಳೆಗೆ ರೋಗ ತಗುಲಿ ಐರ್ಲೆಂಡಿಗೆ ಭೀಕರ ಕ್ಷಾಮ ಬಂತು. ಸಾವಿರಾರು ಮನೆಗಳವರಂತೆ ಇವರೂ ಕಡಲು ದಾಟಿ ಕೆನಡಾಕ್ಕೆ ಬಂದರು. ಟೊರಾಂಟೋದಲ್ಲಿ ಹುಡುಗಿ ಉಪಾಧ್ಯಾಯರ ತರಬೇತಿ ಶಾಲೆ ಸೇರಿದಳು. ಆಮೇಲೆ ಅಮೆರಿಕಾದಲ್ಲಿ ಕೆಲಕಾಲ ಪಾಠ ಹೇಳಿದಳು, ಕೆಲಕಾಲ ಬಟ್ಟೆ ಹೊಲಿದಳು. 1861ರಲ್ಲಿ ಮೆಂಫಿಸ್ ಊರಿನಲ್ಲಿ ಜಾರ್ಜ್ ಜೋನ್ಸ್ ಎಂಬ ಕಬ್ಬಿಣದ ಎರಕದ ಕೆಲಸಗಾರನನ್ನು ಮದುವೆಯಾದಳು. ಆತ ಎರಕದವರ ಸಂಘದ ಸದಸ್ಯ. ನಾಲ್ಕು ಮಕ್ಕಳಾದವು.

1867ರಲ್ಲಿ ಮೆಂಫಿಸಿಗೆ ಹಳದಿ ಜ್ವರ ಬಂತು. ಉಳ್ಳವರು ಊರು ಬಿಟ್ಟು ಹೋದರು. ಕೂಲಿ ಜನ ಎಲ್ಲಿಗೆ ಹೋದಾರು? ಆ ಒಂದು ಪಿಡುಗಿನಲ್ಲಿ ಮೇರಿಯ ಗಂಡನೂ ನಾಲ್ಕು ಮಕ್ಕಳೂ ಸತ್ತರು. ಮೂವತ್ತು ವರ್ಷದ ಹೆಂಗಸು ಒಂಟಿಯಾಗಿ ಷಿಕಾಗೋ ಸೇರಿ ಹೊಲಿಗೆಯ ಅಂಗಡಿ ಇಟ್ಟಳು. ಗಿರಾಕಿಗಳೆಲ್ಲ ಶ್ರೀಮಂತರ ಮನೆಯ ಹೆಂಗಸರು. ಅವರ ಮಹಲಿನ ಕಿಟಕಿಯಲ್ಲಿ ಕೂತು ರೇಷ್ಮೆ ಹೊಲಿಯುತ್ತಿದ್ದಾಗ, ಹೊರಗೆ ಸರೋವರದ ದಂಡೆಯಲ್ಲಿ ಕೆಲಸವಿಲ್ಲದೆ ಚಳಿಯಲ್ಲಿ ನಡುಗುತ್ತಿದ್ದವರು ಕಾಣುತ್ತಿದ್ದರೆಂದು ಆಕೆಯೇ ಮುಂದೆ ಬರೆದಿದ್ದಾಳೆ. 1871ರ ಅಕ್ಟೋಬರಿನಲ್ಲಿ ಷಿಕಾಗೋಕ್ಕೆ ಬೆಂಕಿ ಬಿತ್ತು. ಅಂಗಡಿ, ಸಾಮಾನು ಎಲ್ಲ ಸುಟ್ಟು ಬೂದಿಯಾಯಿತು. ಸಣ್ಣ ವ್ಯಾಪಾರಿಗೆ ಅಂಗಡಿ ಹೋದರೆ ಏನು ಹೋದಂತೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಮಾಸ್ತರಿಕೆ, ಸಣ್ಣ ವ್ಯಾಪಾರ, ಕೂಲಿಯವನ ಸಂಸಾರ, ಈ ಮೂರನ್ನೂ ಕಂಡುಂಡ ಹೆಂಗಸು ನೈಟ್ಸ್ ಆಫ್ ಲೇಬರ್ ಎಂಬ ಕಾರ್ಮಿಕ ಸಂಘಟನೆಯ ಸಭೆಗಳಿಗೆ ಹೋಗತೊಡಗಿದಳು. ಮುಂದೆ ಗಣಿ ಕಾರ್ಮಿಕರ ಸಂಘದ ಸಂಘಟಕಳಾದಳು. ಪೆನ್ಸಿಲ್ವೇನಿಯಾದ ಆರ್ನಟ್ ಎಂಬಲ್ಲಿ ಗಂಡಸರು ಮುಷ್ಕರದಿಂದ ಬಳಲಿ ಹಿಂಜರಿದಾಗ, ಅವರನ್ನು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಬಿಟ್ಟು, ಹೆಂಗಸರ ಕೈಗೆ ಪೊರಕೆಯನ್ನೂ ತಗಡಿನ ಪಾತ್ರೆಗಳನ್ನೂ ಕೊಟ್ಟು ಗಣಿಯ ಬಾಗಿಲಿಗೆ ನಡೆಸಿದಳಂತೆ. ಪಾತ್ರೆಯ ಸದ್ದಿಗೆ ಗಣಿಯ ಹೇಸರಗತ್ತೆಗಳು ಬೆದರಿ ಓಡಿದವು. ಮುಷ್ಕರ ಮುರಿಯಲು ಬಂದವರೂ ಓಡಿದರು. 1902ರಲ್ಲಿ ಪಶ್ಚಿಮ ವರ್ಜೀನಿಯಾದಲ್ಲಿ, ಸಭೆ ಮಾಡಬಾರದೆಂಬ ಕೋರ್ಟಿನ ಆಜ್ಞೆ ಮುರಿದದ್ದಕ್ಕೆ ಆಕೆಯನ್ನು ಹಿಡಿದರು. ಸರ್ಕಾರಿ ವಕೀಲನು, ಅಮೆರಿಕಾದಲ್ಲೆಲ್ಲ ಅತ್ಯಂತ ಅಪಾಯಕಾರಿ ಹೆಂಗಸು ಈಕೆಯೇ ಎಂದು ಕೈತೋರಿಸಿ ಹೇಳಿದ. ನ್ಯಾಯಾಧೀಶನು ಜೈಲಿಗೆ ಹಾಕಲಿಲ್ಲ. ಹೆಂಗಸರಿಗೆ ಒಪ್ಪುವ ದಾನಧರ್ಮದ ಕೆಲಸ ಮಾಡಿಕೊಂಡಿರಬಾರದೇ ಎಂದು ಬುದ್ಧಿ ಹೇಳಿದ. ಆ ಬುದ್ಧಿಮಾತನ್ನು ಆಕೆ ಎಷ್ಟು ಕಿವಿಗೆ ಹಾಕಿಕೊಂಡಳೆಂಬುದು ಮರುವರ್ಷವೇ ಗೊತ್ತಾಯಿತು.

1903ರ ಬೇಸಗೆಯಲ್ಲಿ ಫಿಲಡೆಲ್ಫಿಯಾ ನಗರದ ಕೆನ್ಸಿಂಗ್‌ಟನ್ ಬಡಾವಣೆಯ ಬಟ್ಟೆ ಗಿರಣಿಗಳು ನಿಂತವು. ಕಾರ್ಮಿಕರ ಮುಖ್ಯ ಬೇಡಿಕೆ ಏನು? ವಾರಕ್ಕೆ 60 ಗಂಟೆಯ ದುಡಿಮೆಯನ್ನು 55ಕ್ಕೆ ಇಳಿಸಿ ಎಂಬುದು. ಅದಕ್ಕೆ ಕೂಲಿ ಕಡಿಮೆಯಾದರೂ ಸರಿ ಎಂದಿದ್ದರು. ಆಕೆಯ ಲೆಕ್ಕದಲ್ಲಿ ಮುಷ್ಕರದಲ್ಲಿದ್ದವರು 75 ಸಾವಿರ. ಅವರಲ್ಲಿ 10 ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಎಳೆಯ ಮಕ್ಕಳು. ಸಂಘದ ಕಛೇರಿಗೆ ದಿನವೂ ಬರುತ್ತಿದ್ದ ಮಕ್ಕಳಲ್ಲಿ ಒಬ್ಬನಿಗೆ ಹೆಬ್ಬೆರಳಿಲ್ಲ, ಇನ್ನೊಬ್ಬನಿಗೆ ಗೆಣ್ಣಿನವರೆಗೆ ಬೆರಳಿಲ್ಲ, ಮತ್ತೊಬ್ಬನಿಗೆ ಬೆನ್ನು ಬಾಗಿದೆ. ನೂಲಿನ ಗಿರಣಿಯ ಯಂತ್ರಗಳ ಮಧ್ಯೆ ಎಳೆಯ ಕೈ ಏನಾಗುತ್ತದೆಂದು ನಮ್ಮ ಓದುಗರು ಬಲ್ಲರು.

ಹನ್ನೆರಡು ವರ್ಷ ತುಂಬದವರನ್ನು ಕೆಲಸಕ್ಕಿಡಬಾರದೆಂಬ ಕಾಯಿದೆ ಇದೆಯಲ್ಲ, ಇವರೆಲ್ಲ ಒಳಗೆ ಹೇಗೆ ಬಂದರು ಎಂದು ಮದರ್ ಜೋನ್ಸ್ ವಿಚಾರಿಸಿದಳು. ಉತ್ತರ ಸರಳವಾಗಿತ್ತು. ಹೆತ್ತವರೇ ಸುಳ್ಳು ವಯಸ್ಸು ಬರೆದು ಪ್ರಮಾಣ ಮಾಡಿ ಸಹಿ ಹಾಕಿದ್ದರು. ಒಂದೇ ಕೇರಿಯಲ್ಲಿ 14 ಮಂದಿ ತಾಯಂದಿರು, ಅವರ ಹನ್ನೆರಡರೊಳಗಿನ 22 ಮಕ್ಕಳು. ಕೆಲವರ ಗಂಡಂದಿರು ಗಣಿಯಲ್ಲಿ ಸತ್ತಿದ್ದರು, ಕೆಲವರ ಗಂಡಂದಿರು ಕೈಕಾಲು ಕಳೆದುಕೊಂಡು ಮನೆಯಲ್ಲಿ ಬಿದ್ದಿದ್ದರು. ಸುಳ್ಳು ಪ್ರಮಾಣ ಅಥವಾ ಉಪವಾಸ, ಎರಡರಲ್ಲಿ ಒಂದನ್ನು ಆರಿಸಬೇಕಾಗಿತ್ತು ಎಂದರು. ಮದರ್ ಜೋನ್ಸ್ ಆ ತಾಯಂದಿರನ್ನು ಬೈಯಲಿಲ್ಲ. ಸುಳ್ಳೆಂದು ಗೊತ್ತಿದ್ದೂ ಆ ಚೀಟಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಲಾಭ ಮಾಡಿದ ಧಣಿಗಳನ್ನು ಬೈದಳು. ಈ ಭೇದವನ್ನು ನಾವು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕು.

ಊರ ಪತ್ರಿಕೆಗಳು ಈ ಮಕ್ಕಳ ಸುದ್ದಿಯನ್ನೇ ಬರೆಯಲಿಲ್ಲ. ಏಕೆಂದು ಕೇಳಿದರೆ, ಗಿರಣಿ ಧಣಿಗಳು ಪತ್ರಿಕೆಗಳಲ್ಲಿ ಷೇರು ಇಟ್ಟಿದ್ದಾರೆ ಎಂದರು. ಹಾಗಾದರೆ ಈ ಮಕ್ಕಳಲ್ಲಿ ನನ್ನ ಷೇರು ಇದೆ, ಪ್ರಚಾರವನ್ನು ನಾನೇ ನೋಡಿಕೊಳ್ಳುತ್ತೇನೆ ಎಂಬ ಅರ್ಥದ ಮಾತಾಡಿ ಎದ್ದು ಬಂದಳು. 1903ರ ಜುಲೈ 7ರಂದು ಮಕ್ಕಳೂ ದೊಡ್ಡವರೂ ಸೇರಿ ನೂರಾರು ಜನ ಕೆನ್ಸಿಂಗ್‌ಟನ್ನಿನಿಂದ ಕಾಲ್ನಡಿಗೆಯಲ್ಲಿ ಹೊರಟರು. ಒಬ್ಬೊಬ್ಬ ಹುಡುಗನ ಚೀಲದಲ್ಲಿ ಒಂದು ತಗಡಿನ ಲೋಟ, ಒಂದು ತಟ್ಟೆ. ಮುಂದೆ ಒಂದು ಡೋಲು, ಒಂದು ಕೊಳಲು. ನಮಗೆ ಶಾಲೆ ಬೇಕು, ಆಡಲು ಹೊತ್ತು ಬೇಕು ಎಂಬ ಫಲಕಗಳು. ಹೊರಟದ್ದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟನ ಬೇಸಗೆ ಮನೆಗೆ. ಅದು ನ್ಯೂಯಾರ್ಕಿನ ಆಚೆ ಆಯ್ಸ್ಟರ್ ಬೇ ಎಂಬ ಊರಿನಲ್ಲಿತ್ತು.

ದಾರಿಯುದ್ದಕ್ಕೂ ರೈತರು ಗಾಡಿಯಲ್ಲಿ ಹಣ್ಣು ತರಕಾರಿ ತಂದುಕೊಟ್ಟರು. ರೈಲಿನ ಕೆಲಸಗಾರರು ಟಿಕೀಟು ಕೇಳದೆ ಹತ್ತಿಸಿಕೊಂಡರು. ಪ್ರಿನ್ಸ್‌ಟನ್ ಊರಿನಲ್ಲಿ ಹೋಟೆಲಿನ ಮಾಲೀಕನೊಬ್ಬ ಕರೆಕಳಿಸಿ, ನಿನ್ನ ಸೈನ್ಯಕ್ಕೆ ಬೇಕಾದಷ್ಟು ಊಟ ಹೇಳು, ಹಣ ಬೇಡ ಎಂದ. ಆ ಊರಿನ ವಿಶ್ವವಿದ್ಯಾಲಯದ ಮುಂದೆ ನಿಂತು, ಹತ್ತು ವರ್ಷಕ್ಕೇ ನೂಲಿನ ಕಟ್ಟು ಹೊತ್ತು ಗೂನಾದ ಹುಡುಗನೊಬ್ಬನನ್ನು ಮುಂದೆ ನಿಲ್ಲಿಸಿ, ನಿಮ್ಮ ಮಕ್ಕಳ ಉನ್ನತ ವಿದ್ಯಾಭ್ಯಾಸಕ್ಕೆ ಇವನ ಬೆನ್ನಿನ ಮೇಲಿಂದ ಹಣ ಬರುತ್ತಿದೆ ಎಂದು ಪಂಡಿತರಿಗೇ ಪಾಠ ಹೇಳಿದಳು. ನ್ಯೂಯಾರ್ಕಿನಲ್ಲಿ ದೀವಟಿಗೆ ಹಿಡಿದು ಮೆರವಣಿಗೆ ಮಾಡಿದರು. ಕೋನಿ ದ್ವೀಪದ ಜಾತ್ರೆಯಂಥ ಜಾಗದಲ್ಲಿ ಕಾಡುಮೃಗಗಳ ಪ್ರದರ್ಶನವಿತ್ತು. ಅಲ್ಲಿನ ಬರಿದಾದ ಬೋನುಗಳೊಳಗೆ ಮಕ್ಕಳನ್ನು ಕೂರಿಸಿ, ಹೊರಗೆ ನಿಂತು ಭಾಷಣ ಮಾಡಿದಳು. ನೋಡಲು ಬಂದವರು ನಗಲಿಲ್ಲವಂತೆ.

ಜುಲೈ 29ರಂದು ಆಯ್ಸ್ಟರ್ ಬೇ ಸೇರುವಾಗ ಜೊತೆಯಲ್ಲಿ ಉಳಿದಿದ್ದವರು ಬೆರಳೆಣಿಕೆಯಷ್ಟು ಮಂದಿ. ಬಿಸಿಲಿಗೆ ಬಳಲಿದ ಮಕ್ಕಳನ್ನು ದಾರಿಯಲ್ಲೇ ಹಿಂದಕ್ಕೆ ಕಳಿಸಿದ್ದಳು. ಅಧ್ಯಕ್ಷರು ಭೇಟಿ ಕೊಡಲಿಲ್ಲ. ಆಮೇಲೆ ಕಾರ್ಯದರ್ಶಿಯ ಮೂಲಕ ಉತ್ತರ ಬಂತು: ಮಕ್ಕಳ ದುಡಿಮೆ ಆಯಾ ರಾಜ್ಯಗಳಿಗೆ ಸೇರಿದ ವಿಷಯ, ಅಧ್ಯಕ್ಷರು ಏನೂ ಮಾಡಲಾಗದು. ಇತ್ತ ಕೆನ್ಸಿಂಗ್‌ಟನ್ನಿನ ಮುಷ್ಕರವೂ ಹಸಿವಿನಿಂದ ಮುರಿಯಿತು. ಆಗಸ್ಟಿನಲ್ಲಿ ಕಾರ್ಮಿಕರು ಹಳೆಯ ಷರತ್ತಿನ ಮೇಲೆಯೇ ಮಗ್ಗಕ್ಕೆ ಮರಳಿದರು. ಬೋನಿನಲ್ಲಿ ಕೂತಿದ್ದ ಹುಡುಗರೂ ಮರಳಿದರು.

ಹಾಗಾದರೆ ಸೋತರಲ್ಲ, ಇದರ ಕಥೆ ಯಾಕೆ ಎಂದು ಯಾರಾದರೂ ಕೇಳಬಹುದು. ಮುಂದೆ ನಡೆದುದನ್ನು ನೋಡೋಣ. ಪತ್ರಿಕೆಗಳು ಬರೆಯದಿದ್ದ ಸಂಗತಿ ಮೂರು ವಾರದಲ್ಲಿ ದೇಶಕ್ಕೆಲ್ಲ ತಿಳಿದಿತ್ತು. 1904ರಲ್ಲಿ ಬಾಲಕಾರ್ಮಿಕ ಪದ್ಧತಿಯ ವಿರುದ್ಧ ರಾಷ್ಟ್ರೀಯ ಸಮಿತಿಯೊಂದು ಹುಟ್ಟಿತು. 1905ರಲ್ಲಿ ಪೆನ್ಸಿಲ್ವೇನಿಯಾ ತನ್ನ ಕಾಯಿದೆಯನ್ನು ಬಿಗಿ ಮಾಡಿತು. 1916ರಲ್ಲಿ ಇಡೀ ದೇಶಕ್ಕೆ ಅನ್ವಯವಾಗುವ ಕಾಯಿದೆ ಬಂತು: 14 ವರ್ಷದೊಳಗಿನ ಮಕ್ಕಳನ್ನು ದುಡಿಸುವ ಗಿರಣಿಯ ಮಾಲು ರಾಜ್ಯದ ಗಡಿ ದಾಟಕೂಡದು, 14ರಿಂದ 16ರವರೆಗಿನವರನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ದುಡಿಸಕೂಡದು.

ಇಲ್ಲಿ ಒಂದು ವಿಚಿತ್ರ ನಡೆಯಿತು. ಆ ಕಾಯಿದೆಯ ವಿರುದ್ಧ ಕೋರ್ಟಿಗೆ ಹೋದವನು ಗಿರಣಿ ಧಣಿಯಲ್ಲ, ಗಿರಣಿ ಕೂಲಿ. ಉತ್ತರ ಕೆರೊಲಿನಾದ ಷಾರ್ಲೆಟ್ ಊರಿನ ಹತ್ತಿ ಗಿರಣಿಯಲ್ಲಿದ್ದ ಡಾಗೆನ್‌ಹಾರ್ಟ್ ಎಂಬ ತಂದೆ, ತನ್ನ ಇಬ್ಬರು ಚಿಕ್ಕ ಮಕ್ಕಳು ತನ್ನ ಜೊತೆಯಲ್ಲೇ ದುಡಿಯುವ ಹಕ್ಕನ್ನು ಉಳಿಸಿಕೊಡಿ ಎಂದು ದಾವೆ ಹೂಡಿದ. ಅವನ ಹಿಂದೆ ನಿಂತು ವಕೀಲರನ್ನು ಇಟ್ಟವರು ದಕ್ಷಿಣದ ಗಿರಣಿ ಮಾಲೀಕರು. 1918ರ ಜೂನ್ 3ರಂದು ಅಲ್ಲಿನ ಅತ್ಯುಚ್ಚ ನ್ಯಾಯಾಲಯವು ಐವರು ಒಂದು ಕಡೆ, ನಾಲ್ವರು ಒಂದು ಕಡೆಯಾಗಿ ಕಾಯಿದೆಯನ್ನು ಹೊಡೆದುಹಾಕಿತು. ಕಾರಣ? ಗಿರಣಿಯೊಳಗಿನ ಉತ್ಪಾದನೆ ರಾಜ್ಯಗಳಿಗೆ ಸೇರಿದ ವಿಷಯ. 1903ರಲ್ಲಿ ಅಧ್ಯಕ್ಷರ ಕಾರ್ಯದರ್ಶಿ ಕೊಟ್ಟ ಉತ್ತರವೇ 1918ರಲ್ಲಿ ತೀರ್ಪಾಯಿತು.

ಕೆಲವು ವರ್ಷದ ಮೇಲೆ ಪತ್ರಿಕೆಯವನೊಬ್ಬ ಗೆದ್ದ ಆ ಹುಡುಗರಲ್ಲಿ ಒಬ್ಬನನ್ನು ಹುಡುಕಿಕೊಂಡು ಹೋದ. ಮದುವೆಯಾಗಿ ಮಗುವಿನ ತಂದೆಯಾಗಿದ್ದ, ಆದರೆ ಮೈ ಬೆಳೆದಿರಲಿಲ್ಲ. ತೂಕ 105 ಪೌಂಡು, ಅಂದರೆ 48 ಕಿಲೋದಷ್ಟು. ದಾವೆ ಗೆದ್ದು ನಿನಗೇನು ಸಿಕ್ಕಿತು ಎಂದು ಕೇಳಿದರೆ, ಒಂದು ಮೋಟಾರು ಸವಾರಿ, ಕುಡಿಯಲು ಸೋಡಾ ಎಂಬಂತೆ ಹೇಳಿದ. ಕಳೆದುಕೊಂಡದ್ದು ಏನೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು: ಓದು.

ಕಡೆಗೆ ಆ ಕಾಯಿದೆ ಬಂದು ನಿಂತದ್ದು 1938ರ ಜೂನಿನಲ್ಲಿ. ಸಹಿ ಹಾಕಿದ ಅಧ್ಯಕ್ಷನೂ ರೂಸ್‌ವೆಲ್ಟನೇ, ಹಳಬನ ದೂರದ ದಾಯಾದಿ ಫ್ರಾಂಕ್ಲಿನ್. ಗಿರಣಿ ಕಾರ್ಖಾನೆಗಳಲ್ಲಿ 16 ವರ್ಷದೊಳಗಿನವರ ದುಡಿಮೆಗೆ ಅದು ತಡೆ ಹಾಕಿತು. ಅದೇ ಕಾಯಿದೆ ದೊಡ್ಡವರಿಗೆ ಗಂಟೆಗೆ 25 ಸೆಂಟಿನ ಕನಿಷ್ಠ ಕೂಲಿಯನ್ನೂ ಗೊತ್ತುಮಾಡಿತು, ವಾರಕ್ಕೆ 44 ಗಂಟೆ ಮೀರಿದರೆ ಹೆಚ್ಚಿನ ಕೂಲಿಯನ್ನೂ ವಿಧಿಸಿತು. 1941ರಲ್ಲಿ ಅತ್ಯುಚ್ಚ ನ್ಯಾಯಾಲಯ ತನ್ನ ಹಳೆಯ ತೀರ್ಪನ್ನು ತಾನೇ ತಳ್ಳಿಹಾಕಿತು. 1938ಕ್ಕೆ ಮೆರವಣಿಗೆ ಹೋಗಿ 35 ವರ್ಷವಾಗಿತ್ತು. ಅಂದು ಹತ್ತು ವರ್ಷದವನಾಗಿದ್ದ ಹುಡುಗ ಬದುಕಿದ್ದರೆ ಅವನಿಗೆ ನಲವತ್ತೈದು.

ನಮ್ಮ ಅಭಿಪ್ರಾಯದಲ್ಲಿ ಈ ಕಥೆಯ ತಿರುಳೆಲ್ಲ ಇಲ್ಲಿದೆ. ಮಗುವಿನ ವಯಸ್ಸೂ ತಂದೆಯ ಕೂಲಿಯೂ ಒಂದೇ ಕಾಯಿದೆಯಲ್ಲಿ ಬಂದಾಗ ಕೆಲಸ ನಡೆಯಿತು. ಕೂಲಿಯ ಮಾತು ಬಿಟ್ಟು ಬರಿಯ ವಯಸ್ಸಿನ ಕಾಯಿದೆ ಮಾಡಿದಾಗಲೆಲ್ಲ ಬಡವನೇ ಸುಳ್ಳು ಚೀಟಿ ಹಿಡಿದು ಬಂದ, ಬಡವನೇ ಧಣಿಯ ಪರ ಕೋರ್ಟಿಗೆ ಹೋದ. ತಂದೆಗೆ ಸಂಸಾರ ನಡೆಯುವಷ್ಟು ಕೂಲಿ ಕೊಡದ ಧಣಿ, ಅದೇ ಮನೆಯಿಂದ ಇನ್ನೊಂದು ಜೀವವನ್ನು ಅರ್ಧ ಕೂಲಿಗೆ ಎಳೆದುಕೊಳ್ಳುತ್ತಾನೆ. ಅಗ್ಗದ ಮಗು ಬಾಗಿಲಲ್ಲಿ ನಿಂತಿರುವಾಗ ದೊಡ್ಡವನ ಕೂಲಿ ಏರುವುದು ಹೇಗೆ? ಮಗ ತರುವ ಪುಡಿಕಾಸು ತಂದೆಯ ಕೂಲಿಯಿಂದಲೇ ಕಳೆದು ಬಂದ ಹಣ.

ಮದರ್ ಜೋನ್ಸಳನ್ನು ದೇವತೆ ಮಾಡಿ ಪೂಜಿಸಲು ನಾವು ಹೊರಟಿಲ್ಲ. ಹೆಂಗಸರಿಗೆ ಮತದ ಹಕ್ಕು ಬೇಕೆಂಬ ಚಳವಳಿಯನ್ನು ಆಕೆ ವಿರೋಧಿಸಿದಳು, ಅದು ತಪ್ಪು. 1921ರಲ್ಲಿ ಪಶ್ಚಿಮ ವರ್ಜೀನಿಯಾದ ಗಣಿಗಾರರು ಬಂದೂಕು ಹಿಡಿದು ಹೊರಟಾಗ, ಅವರನ್ನು ಹಿಂದಿರುಗಿಸಲು ಅಧ್ಯಕ್ಷರ ತಂತಿ ತನ್ನ ಕೈಯಲ್ಲಿದೆ ಎಂದಳು. ಅಂಥ ತಂತಿ ಇರಲಿಲ್ಲ. ರಕ್ತಪಾತ ತಪ್ಪಿಸಬೇಕೆಂದು ಹೇಳಿದ ಸುಳ್ಳೇ ಇರಬಹುದು, ಆದರೂ ಹಲವರು ಆಕೆಯನ್ನು ನಂಬುವುದನ್ನು ಬಿಟ್ಟರು. ತನ್ನ ವಯಸ್ಸಿನ ವಿಷಯದಲ್ಲೂ ಆಕೆ ಸುಳ್ಳು ಹೇಳುತ್ತಿದ್ದಳು. 1830ರ ಮೇ 1ರಂದು ಹುಟ್ಟಿದೆನೆಂದು ಹೇಳಿಕೊಳ್ಳುತ್ತಿದ್ದಳು. ದಿಟಕ್ಕಿಂತ ಏಳು ವರ್ಷ ಜಾಸ್ತಿ. 1930ರ ಮೇ 1ರಂದು ನೂರನೆಯ ಹುಟ್ಟುಹಬ್ಬವನ್ನೂ ಆಚರಿಸಿದರು. ಅಂದು ಶುಭಾಶಯದ ತಂತಿ ಕಳಿಸಿದವರಲ್ಲಿ ರಾಕ್‌ಫೆಲ್ಲರನ ಮಗನೂ ಒಬ್ಬ. ಅವನ ಮನೆತನದ ಗಣಿಗಳ ಮುಷ್ಕರದಲ್ಲಿಯೇ 1914ರ ಏಪ್ರಿಲ್ 20ರಂದು ಲಡ್ಲೊ ಎಂಬಲ್ಲಿ ಕಾರ್ಮಿಕರ ಡೇರೆಗಳಿಗೆ ಬೆಂಕಿ ಬಿದ್ದು ಹೆಂಗಸರೂ ಮಕ್ಕಳೂ ಸತ್ತದ್ದು. ಮೇ ದಿನವನ್ನು ಹುಟ್ಟಿದ ದಿನ ಮಾಡಿಕೊಂಡು, ಎಲ್ಲರಿಗೂ ತಾಯಿಯೆನಿಸಲು ವಯಸ್ಸು ಏರಿಸಿಕೊಂಡ ಮುದುಕಿಯ ಸುಳ್ಳಿನಿಂದ ಯಾರ ಅನ್ನವೂ ಹೋಗಲಿಲ್ಲ. ಮಗುವಿನ ವಯಸ್ಸು ಏರಿಸುವ ಸುಳ್ಳು ಹಾಗಲ್ಲ.

ಆಕೆ 1930ರ ನವೆಂಬರ್ 30ರಂದು ಸತ್ತಳು. ತನ್ನಿಚ್ಛೆಯಂತೆ ಇಲಿನಾಯ್ ರಾಜ್ಯದ ಮೌಂಟ್ ಆಲಿವ್‌ನಲ್ಲಿ, 1898ರಲ್ಲಿ ಗುಂಡಿಗೆ ಬಲಿಯಾದ ಗಣಿಗಾರರ ಪಕ್ಕದಲ್ಲಿ ಮಣ್ಣಾದಳು. ಆ ಜಾಗ ಗಣಿ ಕಾರ್ಮಿಕರ ಸಂಘವೇ ಕೊಂಡ ಸ್ಮಶಾನ.

ಇದೆಲ್ಲ ಮುಗಿದ ಹಳೆಯ ಕಥೆ ಎನ್ನುವವರಿಗೆ ಒಂದು ಮಾತು. 2023ರ ಫೆಬ್ರುವರಿಯಲ್ಲಿ ಅಮೆರಿಕಾದ ಕಾರ್ಮಿಕ ಇಲಾಖೆ, ಕಸಾಯಿಖಾನೆಗಳನ್ನು ತೊಳೆಯುವ ಕಂತ್ರಾಟು ಕಂಪೆನಿಯೊಂದಕ್ಕೆ 15 ಲಕ್ಷ ಡಾಲರಿನಷ್ಟು ದಂಡ ಹಾಕಿತು. ಎಂಟು ರಾಜ್ಯಗಳಲ್ಲಿ 13ರಿಂದ 17 ವರ್ಷದ 102 ಮಕ್ಕಳನ್ನು ರಾತ್ರಿ ಪಾಳಿಯಲ್ಲಿ ದುಡಿಸಿತ್ತು. ಮರು ತಿಂಗಳೇ ಆರ್ಕನ್ಸಾ ರಾಜ್ಯವು, 16 ವರ್ಷದೊಳಗಿನವರನ್ನು ಕೆಲಸಕ್ಕೆ ಸೇರಿಸುವ ಮುಂಚೆ ವಯಸ್ಸು ತೋರಿಸಿ ಸರ್ಕಾರದ ಪರವಾನಗಿ ಪಡೆಯಬೇಕೆಂಬ ನಿಯಮವನ್ನೇ ತೆಗೆದುಹಾಕಿತು. ಕೆನ್ಸಿಂಗ್‌ಟನ್ನಿನ ಧಣಿಗಳಿಗೆ ಸುಳ್ಳಿನದಾದರೂ ಒಂದು ಚೀಟಿ ಬೇಕಿತ್ತು. ಈ ರಾಜ್ಯದಲ್ಲಿ ಚೀಟಿಯೇ ಬೇಡವೆಂದಾಯಿತು.

ನಮ್ಮಲ್ಲೂ ಕಾಯಿದೆ ಉಂಟು. 1986ರ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆಯ ಹೊತ್ತು ಕಳೆದ ಮೇಲೆ ಸ್ವಂತ ಮನೆತನದ ಕಸುಬಿಗೆ ನೆರವಾಗಬಹುದು ಎಂಬ ವಿನಾಯಿತಿ ಇದೆ. ಆ ವಿನಾಯಿತಿಯ ನೆರಳಿನಲ್ಲಿ ಅಂಗಡಿಯ ಕಟ್ಟೆಯ ಮೇಲೆ ಕೂತ ಎಷ್ಟು ಹುಡುಗರು ದಿಟವಾಗಿ ಮಾಲೀಕರ ಮಕ್ಕಳು? ಸಣ್ಣ ವ್ಯಾಪಾರಿ ಬಂಧುಗಳು ಕೋಪಿಸಿಕೊಳ್ಳಬಾರದು. ಮುಷ್ಕರದ ದಿನಗಳಲ್ಲಿ ಉದ್ರಿ ಕೊಟ್ಟು ಕೂಲಿಯವನ ಒಲೆ ಉರಿಸುವವರು ನೀವೇ. ಪ್ರಿನ್ಸ್‌ಟನ್ನಿನ ಆ ಹೋಟೆಲು ಮಾಲೀಕನ ಸಾಲಿನವರು ನೀವು. ಆದ್ದರಿಂದಲೇ ನಿಮ್ಮಲ್ಲಿ ಹೇಳುತ್ತೇವೆ. ಕೂಲಿಯವನಿಗೆ ಕೂಲಿ ಏರಿದರೆ ನಿಮ್ಮ ಉದ್ರಿಯೂ ತೀರುತ್ತದೆ, ಅವನ ಮಗನೂ ಶಾಲೆಯಲ್ಲಿರುತ್ತಾನೆ.

ನಾವು ಪತ್ರ ಬರೆದುಕೊಟ್ಟ ಆ ಹುಡುಗ ಈಗ ಗಿರಣಿಯಲ್ಲಿದ್ದಾನೆ. ಅರ್ಜಿ ಬರೆಸಲು ನಮ್ಮ ಕಛೇರಿಗೇ ಬರುತ್ತಾನೆ, ಇಂದಿಗೂ ಮಾಸ್ತರೇ ಎನ್ನುತ್ತಾನೆ. ಗಿರಣಿಯ ಕಾಗದಗಳಲ್ಲೆಲ್ಲ ಅವನಿಗೆ ಎರಡು ವರ್ಷ ಜಾಸ್ತಿಯಿದೆ. ಅಂದರೆ ಶಾಲೆಯ ಎರಡು ವರ್ಷವೂ ಹೋಯಿತು, ಮುದಿತನದಲ್ಲಿ ಎರಡು ವರ್ಷ ಮೊದಲೇ ಕೆಲಸವೂ ಹೋಗುತ್ತದೆ. ನಾವು ಮಾಡಿದ ಉಪಕಾರ ಇಷ್ಟು.

ಗಿರಣಿಯ ಸಂಗಾತಿಗಳಲ್ಲಿ ನಮ್ಮ ಬಿನ್ನಹ ಇದು. ಮನೆಯ ಕಷ್ಟಕ್ಕೆ ಮಗನ ವಯಸ್ಸು ಏರಿಸಬೇಕೆಂಬ ಯೋಚನೆ ಬಂದ ದಿನ, ಮಾಸ್ತರರ ಬಳಿ ಹೋಗುವ ಮುಂಚೆ ಸಂಘದ ಕಛೇರಿಗೆ ಬನ್ನಿ. ನಿಮ್ಮನ್ನು ಯಾರೂ ಅಲ್ಲಿ ಬೈಯುವುದಿಲ್ಲ. ಏರಿಸಬೇಕಾದದ್ದು ನಿಮ್ಮ ಕೂಲಿಯನ್ನು. ಅದರ ಅರ್ಜಿಯನ್ನು ಕೂತು ಬರೆಯೋಣ.